ಹಾರ್ಜ್ ಬೆಟ್ಟದ ಒಣಮರ, ಮೈಸೂರು ರಸ್ತೆಯ ಬಾಗಿಲು

ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವ ನೆಂಟರು, ಸ್ನೇಹಿತರು ಫೋನ್ ಮಾಡಿದರೆ ಒಂದು ಪ್ರಶ್ನೆ ಖಚಿತವಾಗಿ ಬರುತ್ತದೆ: "ನೀನು ಜರ್ಮನಿಯಲ್ಲಿ ಮರದ ವ್ಯಾಪಾರದಲ್ಲೇ ಇದ್ದೀಯಲ್ಲ, ಬಾಗಿಲಿಗೆ ಯಾವ ಮರ ಹಾಕಿಸಲಿ?" ಹ್ಯಾಂಬರ್ಗ್‌ನ ಮರದ ಸಂಸ್ಥೆಯೊಂದರಲ್ಲಿ ಕಾಗದಪತ್ರದ ವಿಭಾಗ ನನ್ನದು. ದಿಮ್ಮಿ ಯಾವ ಕಾಡಿನದು, ಯಾವ ಹಡಗು ಹತ್ತಿತು, ಕೀಟ ಇಲ್ಲವೆಂಬ ಪ್ರಮಾಣಪತ್ರ ಇದೆಯೇ ಎಂದು ನೋಡುವ ಕೆಲಸ. ಮರದ ಗುಣ ಕೇಳುವುದಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಅಂಗಡಿ ಇಟ್ಟಿರುವ ನನ್ನ ಸೋದರಮಾವನನ್ನೇ ಕೇಳಬೇಕು. ನಾನು ಹೇಳಬಲ್ಲದ್ದು ಮರ ಬರುವ ದಾರಿಯ ವಿಷಯ. ಆ ದಾರಿ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಎಷ್ಟು ಬದಲಾಗಿದೆ ಎಂಬುದು ಮನೆ ಕಟ್ಟಿಸುವವರಿಗೆ ಗೊತ್ತಿರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿಂದಲೇ ಶುರು ಮಾಡುತ್ತೇನೆ. ಹ್ಯಾಂಬರ್ಗ್‌ನಿಂದ ದಕ್ಷಿಣಕ್ಕೆ ಹೋದರೆ ಹಾರ್ಜ್ ಎಂಬ ಬೆಟ್ಟಸಾಲು ಸಿಗುತ್ತದೆ. ಶತಮಾನಗಳ ಕಾಲ ಅಲ್ಲಿ ಬೆಳ್ಳಿ ಮತ್ತು ತಾಮ್ರದ ಗಣಿಗಳಿದ್ದವು. ಗಣಿಗೆ ತೊಲೆ ಬೇಕು, ಕುಲುಮೆಗೆ ಇದ್ದಿಲು ಬೇಕು. ಹಳೆಯ ಕಾಡು ಕಡಿದು, ಬೇಗ ಬೆಳೆಯುವ, ಸೂಜಿಯಂಥ ಎಲೆಯ ಸ್ಪ್ರೂಸ್ ಮರವನ್ನೇ ಸಾಲುಸಾಲಾಗಿ ನೆಟ್ಟರು. 2018ರಲ್ಲಿ ಬಿರುಗಾಳಿಗೆ ಸಾವಿರಾರು ಮರ ಉರುಳಿದವು. ಅದರ ಬೆನ್ನಿಗೇ ಮೂರು ವರ್ಷ ಮಳೆ ಕೈಕೊಟ್ಟಿತು. ಬಾಯಾರಿದ ಮರಕ್ಕೆ ತೊಗಟೆ ದುಂಬಿ ಹತ್ತಿತು. ಆರೋಗ್ಯವಂತ ಸ್ಪ್ರೂಸ್ ಆದರೆ ಅಂಟು ಸುರಿಸಿ ದುಂಬಿಯನ್ನು ಮುಳುಗಿಸಿಬಿಡುತ್ತದೆ. ನೀರಿಲ್ಲದ ಮರದಲ್ಲಿ ಅಂಟು ಎಲ್ಲಿಂದ ಬರಬೇಕು?

ಅಲ್ಲಿ ಸತ್ತು ನಿಂತ ಒಂದು ಮರದ ತೊಗಟೆಯನ್ನು ನಾನು ಕೈಯಿಂದಲೇ ಎಳೆದೆ. ಹೆಬ್ಬೆರಳು ಹಾಕಿದರೆ ಸಾಕು, ಅಂಗೈಯಗಲದ ತುಂಡು ಕಳಚಿ ಬಂತು. ಒಳಗೆ ಉದ್ದಕ್ಕೆ ಒಂದು ಸುರಂಗ, ತಾಯಿ ದುಂಬಿ ಮೊಟ್ಟೆ ಇಡುತ್ತ ಸಾಗಿದ ದಾರಿ. ಅದರ ಎರಡೂ ಬದಿಗೆ ಮರಿಗಳು ಕೊರೆದ ಸಣ್ಣ ಸುರಂಗಗಳು, ಹೊರಟಲ್ಲಿ ಕೂದಲಿನಷ್ಟು ತೆಳು, ಮರಿ ಬೆಳೆದಂತೆಲ್ಲ ಅಗಲ. ತೊಗಟೆಯ ಕೆಳಗೆ ಕಾಫಿಪುಡಿಯ ಬಣ್ಣದ ಹುಡಿ. ತಲೆಯೆತ್ತಿ ನೋಡಿದರೆ ಬ್ರೋಕನ್ ಶಿಖರದವರೆಗೂ ಬೂದುಬಣ್ಣದ ಮರಗಳು. ಶಿರಾಡಿ, ಚಾರ್ಮಾಡಿಯ ಹಸಿರು ನೋಡಿ ಬೆಳೆದ ನನಗೆ ಕಾಡು ಇಷ್ಟು ಬೇಗ ಹೀಗಾಗಬಹುದು ಎಂದು ನಂಬಲು ಕಷ್ಟವಾಯಿತು.

2020ರಲ್ಲಿ ಜರ್ಮನಿ ಕಡಿದ ಮರ ಎಂಟು ಕೋಟಿ ಘನ ಮೀಟರ್ ದಾಟಿತು. ಅದರಲ್ಲಿ ಆರು ಕೋಟಿ ಹಾಳಾದ ಮರ. ಕೀಟ ಹತ್ತಿದ್ದೇ ನಾಲ್ಕು ಕೋಟಿಗೂ ಹೆಚ್ಚು. ಇಷ್ಟನ್ನು ಕೊಯ್ಯುವ ಶಕ್ತಿ ಇಲ್ಲಿನ ಸಾಮಿಲ್‌ಗಳಿಗೆ ಇರಲಿಲ್ಲ. ಬೆಲೆ ನೆಲಕಚ್ಚಿತು, ಕಡಿಸಿದ ಕೂಲಿಯೂ ಹುಟ್ಟದ ಸ್ಥಿತಿ. ಆಗ ಕೈಹಿಡಿದದ್ದು ಚೀನಾ. ಅಲ್ಲಿಂದ ಸಾಮಾನು ತುಂಬಿಕೊಂಡು ಬರುವ ಕಂಟೇನರ್‌ಗಳಲ್ಲಿ ಎಷ್ಟೋ ಖಾಲಿಯಾಗಿಯೇ ಹಿಂತಿರುಗಬೇಕಿತ್ತು; ಖಾಲಿ ಹೋಗುವ ಬದಲು ದಿಮ್ಮಿ ತುಂಬಿದರೆ ಬಾಡಿಗೆ ಅಗ್ಗ. ಆ ವರ್ಷ ಜರ್ಮನಿ ರಫ್ತು ಮಾಡಿದ ದಿಮ್ಮಿ ಸುಮಾರು 1.27 ಕೋಟಿ ಘನ ಮೀಟರ್. ಅದರಲ್ಲಿ ಅರ್ಧ ಚೀನಾಕ್ಕೇ ಹೋಯಿತು.

ಚೀನಾಕ್ಕೆ ಅಷ್ಟು ಮರ ಏಕೆ ಬೇಕಾಯಿತು? 1998ರ ಯಾಂಗ್ಟ್ಸಿ ಪ್ರವಾಹದ ನಂತರ ಆ ದೇಶ ತನ್ನ ನೈಸರ್ಗಿಕ ಕಾಡಿನ ಮೇಲೆ ಕೊಡಲಿ ಬೀಳುವುದನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂತು. 2017ರ ಹೊತ್ತಿಗೆ ನೈಸರ್ಗಿಕ ಕಾಡಿನಲ್ಲಿ ವಾಣಿಜ್ಯಕ್ಕಾಗಿ ಕಡಿಯುವುದು ಪೂರ್ತಿ ನಿಂತಿತು. ಕಾಡು ಉಳಿಯಿತು, ಆದರೆ ಕಟ್ಟಡದ ಹಸಿವು ಹಾಗೆಯೇ ಇತ್ತು. ರಷ್ಯಾ, ನ್ಯೂಜಿಲೆಂಡ್, ಆಫ್ರಿಕಾ, ಯುರೋಪ್, ಎಲ್ಲ ಕಡೆಯಿಂದ ತರಿಸಿದರು. 2022ರ ಜನವರಿ 1ರಿಂದ ರಷ್ಯಾ ಸ್ಪ್ರೂಸ್, ಪೈನ್‌ನಂಥ ಮೃದುಮರದ ಕೊಯ್ಯದ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. ಅಷ್ಟರಲ್ಲಿ ಚೀನಾದ ಮನೆ ಕಟ್ಟುವ ಉದ್ಯಮವೇ ಕುಸಿಯಿತು. 2021ರಲ್ಲಿ ಆರು ಕೋಟಿ ಘನ ಮೀಟರ್ ದಾಟಿದ್ದ ಅವರ ದಿಮ್ಮಿ ಆಮದು 2023ಕ್ಕೆ ನಾಲ್ಕು ಕೋಟಿಗಿಂತ ಕೆಳಗಿಳಿಯಿತು. ಅಲ್ಲಿ ಮನೆ ಮಾರಾಟ ನಿಂತರೆ ನ್ಯೂಜಿಲೆಂಡ್‌ನ ರೈತ ತನ್ನ ಪೈನ್ ತೋಪು ಕಡಿಸುವುದನ್ನು ಮುಂದೂಡುತ್ತಾನೆ.

ಬೆಂಗಳೂರಿಗೆ ಬಂದಾಗ ಮಾವನ ಅಂಗಡಿಗೆ ಹೋಗದೆ ನನ್ನ ರಜೆ ಮುಗಿಯುವುದಿಲ್ಲ. ಅಂಗಳದಲ್ಲಿ ಪೇರಿಸಿಟ್ಟ ದಿಮ್ಮಿಗಳ ತುದಿಯಲ್ಲಿ ಬಣ್ಣದ ಗುರುತು, ಸುತ್ತಿಗೆಯಿಂದ ಒತ್ತಿದ ಮುದ್ರೆ, ಮೊಳೆ ಹೊಡೆದ ಪ್ಲಾಸ್ಟಿಕ್ ಚೀಟಿ. ಒಂದು ಕಾಲಕ್ಕೆ ಇಲ್ಲಿ 'ಬರ್ಮಾ ಟೀಕ್' ಎಂದರೆ ಅದೇ ಕೊನೆಯ ಮಾತು. ಮ್ಯಾನ್ಮಾರ್‌ನ ತೇಗದ ದಿಮ್ಮಿಗಳಿಗೆ ಭಾರತವೇ ದೊಡ್ಡ ಗಿರಾಕಿ. 2014ರ ಏಪ್ರಿಲ್ 1ರಂದು ಮ್ಯಾನ್ಮಾರ್ ದಿಮ್ಮಿ ರಫ್ತು ನಿಲ್ಲಿಸಿತು. ಆ ಜಾಗಕ್ಕೆ ಬಂದದ್ದು ಘಾನಾ, ಬೆನಿನ್, ಐವರಿ ಕೋಸ್ಟ್, ತಾಂಜಾನಿಯಾದ ತೇಗ. ಇನ್ನೂ ದೂರದ ಈಕ್ವೆಡಾರ್, ಪನಾಮಾ, ಕೋಸ್ಟಾರಿಕಾ, ಬ್ರೆಜಿಲ್‌ನ ತೇಗ. ತೇಗ ಹುಟ್ಟಿ ಬೆಳೆದ ನೆಲ ಭಾರತ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್. ಅದೇ ಮರ ಇವತ್ತು ದಕ್ಷಿಣ ಅಮೆರಿಕದ ತೋಪುಗಳಲ್ಲಿ ಬೆಳೆದು ಹಡಗು ಹತ್ತಿ ತೂತುಕುಡಿಯಲ್ಲಿ ಇಳಿದು ಲಾರಿಯಲ್ಲಿ ಮೈಸೂರು ರಸ್ತೆಗೆ ಬರುತ್ತಿದೆ.

"ನೋಡಮ್ಮ ಇಲ್ಲಿ" ಎಂದು ಮಾವ ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟರು. ಒಂದು ಹಳೆಯ ಮನೆ ಕೆಡವಿದಾಗ ಸಿಕ್ಕ ಬರ್ಮಾ ತೇಗದ ತೊಲೆಯದು, ಇನ್ನೊಂದು ತೋಪಿನದು. ಎರಡಕ್ಕೂ ಕೀಸುಳಿ ಹಾಕಿ, ಒದ್ದೆ ಬಟ್ಟೆ ಒರೆಸಿದರು. ಹಳೆಯದರಲ್ಲಿ ಉಂಗುರಗಳು ಒತ್ತೊತ್ತಾಗಿ, ಎಣಿಸಲು ಕನ್ನಡಕ ಬೇಕಾಗುವಷ್ಟು ಹತ್ತಿರ. ಹೊಸದರಲ್ಲಿ ಒಂದು ಉಂಗುರಕ್ಕೂ ಇನ್ನೊಂದಕ್ಕೂ ನಡುವೆ ಬೆರಳು ಕೂರುವಷ್ಟು ಅಂತರ, ಅಂಚಿನಲ್ಲಿ ಅಗಲವಾದ ಬಿಳಿ ಭಾಗ. "ಒಳಗಿನ ಗಟ್ಟಿ ಚೇಗು ಚೆನ್ನಾಗಿಯೇ ಇದೆ. ಆದರೆ ಈ ಬಿಳಿ ಇದೆಯಲ್ಲ, ಇದನ್ನು ಬಿಟ್ಟು ಕೊಯ್ಯಬೇಕು. ಬಿಡದೆ ಕೊಯ್ದು ಪಾಲಿಶ್ ಹೊಡೆದು ಕೊಟ್ಟರೆ ಗಿರಾಕಿಗೆ ಗೊತ್ತಾಗುವುದಿಲ್ಲ, ಗೆದ್ದಲಿಗೆ ಗೊತ್ತಾಗುತ್ತದೆ" ಎಂದರು. ಬಾಗಿಲು ಕೊಳ್ಳುವವರು ಈ ಒಂದು ಮಾತನ್ನಾದರೂ ನೆನಪಿಡಿ.

ಪ್ಲೈವುಡ್‌ನ ಕಥೆಯೂ ಹೀಗೆಯೇ. ತೆಳು ಪದರ ಸುಲಿಯಲು ಗರ್ಜನ್ ಮರದ ದಿಮ್ಮಿ ಮ್ಯಾನ್ಮಾರ್‌ನಿಂದ ಬರುತ್ತಿತ್ತು. ದಿಮ್ಮಿ ನಿಂತ ಮೇಲೆ ನಮ್ಮ ಪ್ಲೈವುಡ್ ಕಂಪನಿಗಳು ಪದರ ಸುಲಿಯುವ ಯಂತ್ರಗಳನ್ನೇ ಹೊತ್ತು ಹೊರದೇಶಕ್ಕೆ ಹೋದವು. ಕೆಲವು ಗಬಾನ್‌ನಲ್ಲಿ ಒಕುಮೆ ಮರ ಸುಲಿಯುತ್ತಿವೆ. ಗಬಾನ್ 2010ರಲ್ಲೇ ದಿಮ್ಮಿ ರಫ್ತು ನಿಲ್ಲಿಸಿ, ಮರ ಬೇಕಾದರೆ ನಮ್ಮಲ್ಲೇ ಕಾರ್ಖಾನೆ ಹಾಕಿ ಎಂದಿತ್ತು. ಮರ ಬೆಳೆಯುವ ದೇಶಗಳಿಗೆ ಕೊಯ್ಯುವ ಕೂಲಿಯೂ ತಮ್ಮವರಿಗೇ ಸಿಗಲಿ ಎಂಬ ಆಸೆ. ಅದು ನ್ಯಾಯವಾದ ಆಸೆ. ಭಾರತವೋ ದಿಮ್ಮಿಗೆ ಶೇ. 5, ಕೊಯ್ದ ಮರಕ್ಕೆ ಶೇ. 10 ಮೂಲ ಸುಂಕ ಇಟ್ಟು ನಮ್ಮ ಸಾಮಿಲ್‌ಗಳನ್ನು ಕಾಯುತ್ತ ಬಂದಿದೆ. ದಿಮ್ಮಿ ಕೊಡುವವರು ಕಡಿಮೆಯಾದಂತೆ ಆ ಲೆಕ್ಕ ಕೈಕೊಡುತ್ತಿದೆ. ಮಾವನ ಬೀದಿಯಲ್ಲಿ ದೊಡ್ಡ ಗರಗಸದ ಸದ್ದು ಮೊದಲಿನಷ್ಟಿಲ್ಲ. ಅಳತೆಗೆ ಕೊಯ್ದ ಮರವೇ ಕಂಟೇನರ್‌ನಲ್ಲಿ ಬಂದಿಳಿಯುತ್ತದೆ.

ನನ್ನನ್ನು ಕಾಡುವ ವಿಷಯ ಇಲ್ಲಿದೆ. ನಾವು ಪಶ್ಚಿಮ ಘಟ್ಟದ ಕಾಡನ್ನು ಕಡಿಯುವುದು ನಿಲ್ಲಿಸಿದೆವು, ಅದು ಸರಿಯಾದ ಕೆಲಸ. ಆದರೆ ಬೆಂಗಳೂರಿನಲ್ಲಿ ಕಟ್ಟುವ ಮನೆಗಳ ಸಂಖ್ಯೆ ಏರುತ್ತಲೇ ಹೋಯಿತು. ಕೊಡಲಿ ಮಲೇಷ್ಯಾದ ಸರವಾಕ್‌ಗೆ ಹೋಯಿತು, ಬರ್ಮಾಕ್ಕೆ ಹೋಯಿತು. ಚೀನಾ ಮಾಡಿದ್ದೂ ಇದನ್ನೇ, ಯುರೋಪ್ ಮಾಡಿದ್ದೂ ಇದನ್ನೇ. ನಮ್ಮ ಕಾಡು ಉಳಿಸಿದೆವು ಎಂದು ಹೆಮ್ಮೆ ಪಡುವಾಗ ಯಾರ ಕಾಡಿನ ಲೆಕ್ಕದಲ್ಲಿ ಎಂದು ಕೇಳಿಕೊಳ್ಳುವುದು ನಮ್ಮ ಕರ್ತವ್ಯ. ಬರ್ಮಾ ಟೀಕ್ ಬಾಗಿಲಿನ ಅಂದದ ಬಗ್ಗೆ ಮಾತಾಡುವ ನೆಂಟರ ನಡುವೆ ಇದನ್ನು ಹೇಳಿದರೆ ಮಾತು ನಿಂತುಹೋಗುತ್ತದೆ, ಆದರೂ ಹೇಳುತ್ತೇನೆ.

ಯುರೋಪ್ ಇದಕ್ಕೆ ಕಾಗದದಿಂದ ಉತ್ತರ ಹುಡುಕುತ್ತಿದೆ. ಕಾನೂನುಬಾಹಿರವಾಗಿ ಕಡಿದ ಮರ ಮಾರುವಂತಿಲ್ಲ ಎಂಬ ನಿಯಮ 2013ರಿಂದಲೇ ಇದೆ. ಅದಕ್ಕೂ ಹಿಂದೆ ಯುರೋಪ್ ಒಕ್ಕೂಟದ ನಿರ್ಬಂಧ ಮೀರಿ ವಿಹಾರನೌಕೆಗಳ ಹಲಗೆಗೆಂದು ಮ್ಯಾನ್ಮಾರ್ ತೇಗ ತರಿಸಿದ ಪ್ರಕರಣದಲ್ಲಿ 2021ರಲ್ಲಿ ಹ್ಯಾಂಬರ್ಗ್‌ನ ನ್ಯಾಯಾಲಯ ಶಿಕ್ಷೆ ವಿಧಿಸಿತು. ನಮ್ಮ ಕಚೇರಿಯಲ್ಲಿ ಆ ದಿನ ಬೇರೆ ಮಾತೇ ಇರಲಿಲ್ಲ. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರಲ್ಲಿ ಯುರೋಪ್ ಒಕ್ಕೂಟ ರಷ್ಯಾ, ಬೆಲಾರುಸ್‌ನ ಮರಕ್ಕೆ ಬಾಗಿಲು ಹಾಕಿತು. ರಷ್ಯಾದ ಬರ್ಚ್ ಪ್ಲೈವುಡ್ ಇಲ್ಲಿನ ಪೀಠೋಪಕರಣಕ್ಕೆ ಜೀವಾಳವಾಗಿತ್ತು. ಸ್ವಲ್ಪ ದಿನಕ್ಕೇ ಕಜಕಸ್ತಾನ, ಟರ್ಕಿಯಿಂದ ಬರ್ಚ್ ಪ್ಲೈವುಡ್ ಹೇರಳವಾಗಿ ಬರತೊಡಗಿತು. ರಷ್ಯಾದ ಮಾಲೇ ಆ ದಾರಿಯಲ್ಲಿ ಸುತ್ತಿ ಬರುತ್ತಿದೆ ಎಂದು ತನಿಖೆಯಲ್ಲಿ ಕಂಡು 2024ರಲ್ಲಿ ಆ ಎರಡು ದೇಶಗಳ ಮಾಲಿಗೂ ರಷ್ಯಾದ ಮಾಲಿನ ಸುಂಕವನ್ನೇ ವಿಸ್ತರಿಸಬೇಕಾಯಿತು. ಕಾಗದ ಸುಳ್ಳು ಹೇಳಬಲ್ಲದು ಎಂಬುದನ್ನು ಕಾಗದ ನೋಡುವ ನಾನೇ ಹೇಳುತ್ತಿದ್ದೇನೆ.

ಅದಕ್ಕೇ ಯುರೋಪ್ ಒಕ್ಕೂಟದ ಹೊಸ ಅರಣ್ಯನಾಶ ತಡೆ ನಿಯಮ ಬಂದಿರುವುದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ಒಳಗೆ ಬಿಡುವುದಿಲ್ಲ, ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶವನ್ನೇ ಕೊಡಬೇಕು. ಎರಡು ಸಲ ಮುಂದೂಡಿ, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30 ಎಂದು ಗೊತ್ತುಮಾಡಿದ್ದಾರೆ. ಮರದ ಜೊತೆಗೆ ಕಾಫಿ, ರಬ್ಬರ್ ಕೂಡ ಈ ಪಟ್ಟಿಯಲ್ಲಿವೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿಗೆ ಇಟಲಿ, ಜರ್ಮನಿಯೇ ದೊಡ್ಡ ಗಿರಾಕಿಗಳು. ಬೆಂಗಳೂರಿನ ಕಾಫಿ ಬೋರ್ಡ್ ಬೆಳೆಗಾರರ ನೋಂದಣಿ ನಡೆಸುತ್ತಿರುವುದು ಇದಕ್ಕಾಗಿಯೇ. ನಿಮ್ಮ ಮನೆಯವರ ತೋಟ ಇದ್ದರೆ ಮಾಡಿಸಿಬಿಡಿ. ಎರಡು ಎಕರೆಯವರಿಗೂ ಇದು ಬೇಕು.

ಅಮೆರಿಕದ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕೆನಡಾದ ಮೃದುಮರದ ಮೇಲೆ ಆ ದೇಶ 1980ರ ದಶಕದಿಂದ ಜಗಳವಾಡುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಇನ್ನೂ ಶೇ. 10 ಸೇರಿಸಿದ ಮೇಲೆ ಬಹುಪಾಲು ಕೆನಡಾ ಮರದ ಮೇಲಿನ ಒಟ್ಟು ಸುಂಕ ಸುಮಾರು ಶೇ. 45ಕ್ಕೆ ಮುಟ್ಟಿತು. ಅಲ್ಲಿ ಮಾರಲಾಗದ ಮರ ಬೇರೆ ಕೊಳ್ಳುವವರನ್ನು ಹುಡುಕುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಕೆನಡಾದ ಹೆಮ್ಲಾಕ್, ಡಗ್ಲಸ್ ಫರ್ ಎಂಬ ಹೆಸರು ಕೇಳಿದರೆ ಅಚ್ಚರಿಪಡಬೇಡಿ. ಒಣಗಿಸಿದ ಮರವಾದರೆ ಕಿಟಕಿಗೆ, ಒಳಬಾಗಿಲಿಗೆ ಧಾರಾಳವಾಗಿ ಸಾಕು. ಮಳೆ ಬಿಸಿಲು ಬೀಳುವ ಮುಂಬಾಗಿಲಿಗೆ ಮಾತ್ರ ಮಾವ ಒಪ್ಪುವುದಿಲ್ಲ.

ಹಾಗಾದರೆ ಬಾಗಿಲಿಗೆ ಏನು ಹಾಕಿಸಬೇಕು? ನನ್ನ ಉತ್ತರ: ನಮ್ಮದೇ ರೈತರ ಹೊಲದ ಅಂಚಿನಲ್ಲಿ ಬೆಳೆದ ಮರ. ತೇಗ, ಹಲಸು, ಬೇವು, ಒಳಗಿನ ಕೆಲಸಕ್ಕೆ ಸಿಲ್ವರ್ ಓಕ್, ಪ್ಲೈವುಡ್‌ಗೆ ಹೆಬ್ಬೇವು. ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ತೋಪಿನ ಮರವನ್ನು ಒಣಗಿಸುವುದು, ಬಾಳಿಕೆ ಬರುವಂತೆ ಸಂಸ್ಕರಿಸುವುದು ಅಲ್ಲಿಯವರಿಗೆ ಚೆನ್ನಾಗಿ ಗೊತ್ತು. ಅಡ್ಡಿ ಇರುವುದು ಬೇರೆ ಕಡೆ. 1976ರ ಮರ ಸಂರಕ್ಷಣಾ ಕಾಯ್ದೆಯಡಿ ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ಆದರೆ ತನ್ನ ಹೊಲದ ತೇಗ ಕಡಿಯಲು ರೈತ ಅನುಮತಿಗೆ ಅಲೆಯಬೇಕು, ಸಾಗಿಸಲು ಮತ್ತೊಂದು ಪರವಾನಗಿ. ಈಕ್ವೆಡಾರ್‌ನ ತೇಗ ಸಾಗರ ದಾಟಿ ಬರುವುದು ಸುಲಭ, ಮಾಗಡಿಯ ತೇಗ ಮೈಸೂರು ರಸ್ತೆಗೆ ಬರುವುದು ಕಷ್ಟ ಎಂದರೆ ಅದು ಸರಿಯಲ್ಲ. ಕಾಡನ್ನು ಕಾಯಲೆಂದು ಮಾಡಿದ ನಿಯಮ ಮರ ನೆಡುವವನ ಉತ್ಸಾಹ ಕುಗ್ಗಿಸಬಾರದು.

ಕಳೆದ ಸಲ ಬಂದಾಗ ಮಾವನಿಗೆ ಒಂದು ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕಿಕೊಟ್ಟೆ: ರೈತನ ಊರು, ಸರ್ವೆ ನಂಬರ್, ಕಡಿಯಲು ಸಿಕ್ಕ ಅನುಮತಿಯ ಸಂಖ್ಯೆ, ದಿಮ್ಮಿಯ ಸುತ್ತಳತೆ, ಕೊಂಡವರ ಹೆಸರು. "ಇದನ್ನೆಲ್ಲ ಯಾರು ಕೇಳುತ್ತಾರಮ್ಮ?" ಎಂದು ಮೊದಲು ಗೊಣಗಿದರು. ಈಗ ಅವರ ಮಗ ಅದನ್ನು ಕಂಪ್ಯೂಟರ್‌ಗೆ ಹತ್ತಿಸಿದ್ದಾನೆ. ಹಳ್ಳಿಯಿಂದ ಬರುವ ಪ್ರತಿ ಲಾರಿಯ ಹೆಸರಿನಲ್ಲಿ ಒಂದು ಪುಟ ತೆರೆಯುತ್ತಾನೆ. ಮನೆ ಕಟ್ಟಿಸುವವರು ಯಾರ ಅಂಗಡಿಗೇ ಹೋಗಲಿ, ಇಂಥ ಒಂದು ಪುಟ ತೋರಿಸಿ ಎಂದು ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಅಂಗಡಿಯವರೇ ತೋರಿಸುತ್ತಾರೆ.