ನೆಕಾಕ್ಸಾ ಚಾರ್ಟ್: 2011 ಕೊನೆಗೂ ದಾರಿಗೆ ಬಂತು

ಮೆಕ್ಸಿಕೋದ ಫುಟ್‌ಬಾಲ್ ಕ್ಲಬ್ ನೆಕಾಕ್ಸಾದ ಏಳುಬೀಳನ್ನೆಲ್ಲ ಒಂದೇ ಗೆರೆಯಲ್ಲಿ ತೋರಿಸುವ ಶೀಟು ಈಗ ಸರಿಯಾಗಿ ಓಡುತ್ತಿದೆ. ಡೇಟಾ ಇಳಿಸುವುದು, ಹೆಸರು ಸರಿಪಡಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಬಿಡೋಣ. ಜೀವ ತಿಂದಿದ್ದು ಒಂದೇ ಕಾಲಂ: ಕೊಸಿಯೆಂತೆ, ಅಂದರೆ ಹಿಂಬಡ್ತಿ ನಿರ್ಧರಿಸುವ ಅಂಕ-ಸರಾಸರಿ.

ಮೆಕ್ಸಿಕೋದಲ್ಲಿ ಆಯಾ ವರ್ಷ ಕೊನೆಯ ಸ್ಥಾನದಲ್ಲಿದ್ದವರೇ ಕೆಳದರ್ಜೆಗೆ ಇಳಿಯಬೇಕೆಂದಿರಲಿಲ್ಲ. ಮೂರು ಸೀಸನ್ನಿನ ಅಂಕ ಕೂಡಿಸಿ, ಆಡಿದ ಪಂದ್ಯಗಳಿಂದ ಭಾಗಿಸಿ, ಯಾರ ಸರಾಸರಿ ಕಮ್ಮಿಯೋ ಅವರಿಗೆ ಗೇಟ್‌ಪಾಸ್. ಆಗ 18 ತಂಡ, ಟೂರ್ನಿಗೆ 17 ಪಂದ್ಯ, ವರ್ಷಕ್ಕೆ ಎರಡು ಟೂರ್ನಿ: ಮೊದಲು ಅಪೆರ್ತುರಾ, ಆಮೇಲೆ ಕ್ಲಾಸುರಾ. ಶೀಟಿನಲ್ಲಿ ಟೂರ್ನಿಗೊಂದು ಸಾಲು. ಮೂರು ವರ್ಷಕ್ಕೆ 102. ‘ಹಿಂದಿನ ಆರು ಸಾಲು ಕೂಡಿಸು’ ಎನ್ನುವ ಸೂತ್ರ ಕ್ಲಾಸುರಾ ಸಾಲಿನಲ್ಲಿ ಸರಿ ಬರುತ್ತದೆ, ಅಪೆರ್ತುರಾದಲ್ಲಿ ಕೈಕೊಡುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಐದೇ ಟೂರ್ನಿ.

ನಿಜವಾದ ಕಾಟ 2009ರ ನಂತರದ್ದು. ನೆಕಾಕ್ಸಾ ಆ ವರ್ಷ ಕೆಳಗಿಳಿಯಿತು, ಎರಡನೇ ದರ್ಜೆಯ ಎರಡೂ ಟೂರ್ನಿ ಗೆದ್ದು 2010ರಲ್ಲಿ ವಾಪಸ್ ಬಂತು, 2011ರಲ್ಲಿ ಮತ್ತೆ ಇಳಿಯಿತು. ಆರು ಸಾಲಿನ ಸೂತ್ರ ಎರಡನೇ ದರ್ಜೆಯ ಗೆಲುವುಗಳನ್ನೂ ನುಂಗಿ, ತಂಡ ಆರಾಮಾಗಿ ಉಳಿಯಿತು ಎಂದು ತೋರಿಸುತ್ತದೆ! ದರ್ಜೆಯ ಫಿಲ್ಟರ್ ಹಾಕಿದರೂ 2008-09ರ ಅಂಕ ಒಳಗೆ ನುಸುಳುತ್ತದೆ. ಆಗಿನ ನಿಯಮದ ಪ್ರಕಾರ ಬಡ್ತಿ ಪಡೆದ ತಂಡದ ಹಳೆಯ ಖಾತೆ ಬಂದ್, ಹೊಸದು ಸೊನ್ನೆಯಿಂದ.

ಪರಿಹಾರ: ‘ಇನಿಂಗ್ಸ್’ ಎಂಬ ಹೊಸ ಕಾಲಂ. ತಂಡ ಮೊದಲ ದರ್ಜೆಗೆ ಕಾಲಿಟ್ಟಾಗಲೆಲ್ಲ ಸಂಖ್ಯೆ ಒಂದು ಏರಬೇಕು. ಎರಡನೇ ದರ್ಜೆಯ ಸಾಲಿನಲ್ಲಿ ಖಾಲಿ. ಆಮೇಲೆ ಸಮ್‌ಇಫ್ಸ್‌ಗೆ (ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡಿಸುವ ಸೂತ್ರ) ಮೂರು ಷರತ್ತು: ಇನಿಂಗ್ಸ್ ಈ ಸಾಲಿನದೇ ಆಗಿರಬೇಕು, ಸೀಸನ್ ಈ ಸೀಸನ್‌ಗಿಂತ ಎರಡಕ್ಕಿಂತ ಹಿಂದಿರಬಾರದು, ಕ್ರಮಸಂಖ್ಯೆ ಈ ಸಾಲನ್ನು ದಾಟಬಾರದು. ಅಂಕಕ್ಕೊಂದು, ಪಂದ್ಯಕ್ಕೊಂದು ಸಮ್‌ಇಫ್ಸ್, ಭಾಗಿಸಿದರೆ ಮುಗಿಯಿತು.

2011ರ ಛೇದ ಆಗ 34ಕ್ಕೆ ಇಳಿಯುತ್ತದೆ. 102 ಪಂದ್ಯವಿದ್ದವರಿಗೆ ಒಂದು ಅಂಕದ ಬೆಲೆ 0.0098, ನೆಕಾಕ್ಸಾಗೆ 0.0294. ಮೂರು ಗೆಲುವು ಸರಾಸರಿಯನ್ನು 0.26 ಎತ್ತುತ್ತದೆ, ಅವೇ ಮೂರು ಸೋಲಾದರೆ ಅಷ್ಟೂ ಕೈತಪ್ಪುತ್ತದೆ. ಬಡ್ತಿ ಪಡೆದವರು ಒಂದೇ ವರ್ಷಕ್ಕೆ ಮುಗ್ಗರಿಸುವುದೇಕೆ ಎಂದು ಕೇಳುವವರಿಗೆ ಈ ಎರಡು ಅಂಕಿ ತೋರಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಡೇಟಾ ಕೊಡುವವರ ಬಗ್ಗೆ ಒಂದು ಗೊಣಗಾಟ. ಮೆಕ್ಸಿಕೋದಲ್ಲಿ ಗೆಲುವಿಗೆ ಮೂರು ಅಂಕ ಬಂದದ್ದು 1995-96ರಲ್ಲಿ. ನೆಕಾಕ್ಸಾ ಅದರ ಹಿಂದಿನ ವರ್ಷವೂ ಚಾಂಪಿಯನ್, ಆ ವರ್ಷವೂ ಚಾಂಪಿಯನ್. ಫೈಲಿನಲ್ಲಿ ಹಳೆಯದು, ಹೊಸದು ಎರಡೂ ಅಂಕಪದ್ಧತಿ ಒಂದೇ ಕಾಲಮ್ಮಿನಲ್ಲಿ, ಯಾವ ಗುರುತೂ ಇಲ್ಲದೆ! ಅಂಕದ ಕಾಲಂ ಅಳಿಸಿ, ಗೆಲುವು-ಡ್ರಾ-ಸೋಲಿನಿಂದ ಮತ್ತೆ ಲೆಕ್ಕ ಹಾಕುವುದೇ ವಾಸಿ. 1971ರಿಂದ 1982ರವರೆಗೆ ಕ್ಲಬ್ಬು ಕೈಬದಲಾಗಿ ಅಟ್ಲೆಟಿಕೊ ಎಸ್ಪಾನ್ಯೋಲ್ ಆಗಿತ್ತು, ಫೈಲಿನಲ್ಲಿ ಅದು ಬೇರೆಯೇ ತಂಡ. ಅಲ್ಲಿ ಚುಕ್ಕಿಗೆರೆ ಎಳೆದಿದೆ. 1943ರಿಂದ 1950ರವರೆಗೆ ತಂಡವೇ ಇರಲಿಲ್ಲ. ಆ ಕೋಶಗಳು ನಿಜವಾಗಿ ಖಾಲಿ ಇರಬೇಕು. ಸೂತ್ರ ಖಾಲಿ ಪಠ್ಯ ಕೊಟ್ಟರೆ ಗೆರೆ ಸೀದಾ ಸೊನ್ನೆಗೆ ಬೀಳುತ್ತದೆ.

ಇನ್ನೊಂದು ತಮಾಷೆ. ಪ್ರಶಸ್ತಿ ನಿರ್ಧಾರವಾಗುವುದು ಲಿಗಿಯಾ ನಾಕೌಟ್‌ನಲ್ಲಿ, ಹಾಗಾಗಿ ಗೆರೆಯಲ್ಲಿ ಶಿಖರವೇ ಕಾಣದ ಜಾಗದಲ್ಲೂ ಕಪ್ ಇರಬಹುದು. 1996ರ ಫೈನಲ್‌ನಲ್ಲಿ ಎದುರಾಳಿ ಸೆಲಾಯಾದ ಊರಿನಲ್ಲಿ 1-1, ತವರು ಮೈದಾನ ಅಜ್ಟೆಕಾದಲ್ಲಿ 0-0. ಹೊರ ಊರಿನ ಗೋಲಿನ ಮೇಲೆ ನೆಕಾಕ್ಸಾಗೆ ಕಪ್. 2000ದ ಕ್ಲಬ್ ವಿಶ್ವಕಪ್‌ನಲ್ಲಿ ರಿಯಲ್ ಮ್ಯಾಡ್ರಿಡನ್ನು ಪೆನಾಲ್ಟಿಯಲ್ಲಿ ಸೋಲಿಸಿ ಗಳಿಸಿದ ಮೂರನೇ ಸ್ಥಾನಕ್ಕಂತೂ ಲೀಗ್ ಶೀಟಿನಲ್ಲಿ ಜಾಗವೇ ಇಲ್ಲ. ಇಂಥವಕ್ಕೆಲ್ಲ ಗೆರೆಯ ಮೇಲೆ ಮಿಂಚಿನ ಗುರುತು. ವಿದ್ಯುತ್ ಕಂಪನಿಯಿಂದ ಹುಟ್ಟಿದ ತಂಡಕ್ಕೆ ಬೇರೇನು ಹಾಕುವುದು?

ಇಳಿತ 2009ರಲ್ಲಿ ಶುರುವಾಯಿತು ಎನ್ನುವುದನ್ನು ಮಾತ್ರ ಒಪ್ಪಲಾಗದು. ಕಪ್ ಗೆಲ್ಲುವಾಗಲೂ ಅಮೆರಿಕಾ ಕ್ಲಬ್ಬಿನ ಜೊತೆ ಹಂಚಿಕೊಂಡ ಅಜ್ಟೆಕಾ ತುಂಬುತ್ತಿರಲಿಲ್ಲ, 2003ರಲ್ಲಿ ರಾಜಧಾನಿ ಬಿಟ್ಟು ಅಗ್ವಾಸ್ಕಾಲಿಯೆಂಟೆಸ್‌ಗೆ ಗಂಟುಮೂಟೆ ಕಟ್ಟಿದ್ದೂ ಅದಕ್ಕೇ. ಆದ್ದರಿಂದ ‘ಊರು’ ಕಾಲಂ ಬೇಕೇ ಬೇಕು. ಮುಂದಿನ ಸರದಿ ಇನ್ನೊಂದು ಕ್ಲಬ್ ಅಟ್ಲಾಂಟೆಯದು: 2007ರಲ್ಲಿ ಕಾನ್‌ಕುನ್‌ಗೆ ಹೋಗಿ ಅದೇ ವರ್ಷ ಕಪ್, 2014ರಲ್ಲಿ ಕೆಳದರ್ಜೆಗೆ, 2020ರಲ್ಲಿ ಮತ್ತೆ ರಾಜಧಾನಿಗೆ. ಅದೇ 2020ರಲ್ಲಿ ಬಡ್ತಿ-ಹಿಂಬಡ್ತಿ ಎರಡೂ ನಿಂತವು, ಕೊಸಿಯೆಂತೆ ಕೆಳಗುಳಿದವರು ಕಟ್ಟುವ ದಂಡದ ಲೆಕ್ಕಕ್ಕಷ್ಟೇ ಉಳಿಯಿತು. ಹಾಗಾಗಿ ಹಿಂಬಡ್ತಿಯ ಕೆಂಪು ಗೆರೆಯನ್ನು ಎರಡೂ ಶೀಟಿನಲ್ಲಿ ಅಲ್ಲಿಗೇ ನಿಲ್ಲಿಸಬೇಕು.