ದಂಡೆಯಿಂದ ಬ್ಲೂಫಿಶ್: ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಟಿಪ್ಪಣಿಗಳು

ನ್ಯೂಜೆರ್ಸಿಯ ಐಲ್ಯಾಂಡ್ ಬೀಚ್ ಸ್ಟೇಟ್ ಪಾರ್ಕ್‌ನ ಮರಳದಂಡೆಯಲ್ಲಿ ನಿಂತು, ದೋಣಿಯ ನೆರವಿಲ್ಲದೆ ಬ್ಲೂಫಿಶ್ ಹಿಡಿಯುವುದನ್ನು ಕ್ರಮವಾಗಿ ಕಲಿಯಬೇಕೆಂದು ವಸಂತದಲ್ಲಿ ಕೈಗೆತ್ತಿಕೊಂಡ ಕೆಲಸ, ನವೆಂಬರ್ ಮುಗಿಯುವ ಈ ಹೊತ್ತಿಗೆ ಒಂದು ಹಂತಕ್ಕೆ ಬಂದಿದೆ. ದಂಡೆಯಿಂದ ಮರಳಿದಾಗಲೆಲ್ಲ ನೀರಿನ ತಾಪ, ಗಾಳಿಯ ದಿಕ್ಕು, ಉಬ್ಬರದ ಹೊತ್ತು, ಕಣ್ಣಿಗೆ ಬಿದ್ದ ಸಣ್ಣ ಮೀನು, ಬಳಸಿದ ಆಮಿಷ ಇವಿಷ್ಟನ್ನು ಪುಸ್ತಕದಲ್ಲಿ ಬರೆದಿಡುತ್ತಾ ಬಂದೆ. ಆ ಪುಟಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಷಯ ನಿಚ್ಚಳವಾಗಿ ಕಾಣುತ್ತದೆ: ಈ ಮೀನು ಸಿಗುವುದೂ ಸಿಗದಿರುವುದೂ ನಾವು ಎಷ್ಟು ದೂರ ಎಸೆಯುತ್ತೇವೆ ಎಂಬುದಕ್ಕಿಂತ, ಅದು ಅಟ್ಟಿಸಿಕೊಂಡು ಬರುವ ಸಣ್ಣ ಮೀನು ಆ ದಿನ ಎಲ್ಲಿದೆ ಎಂಬುದಕ್ಕೆ ಸೇರಿದ ಸಂಗತಿ.

ಈ ಕರಾವಳಿಯ ಗಾಳದವರಲ್ಲಿ ಹೆಚ್ಚಿನವರು ಸ್ಟ್ರೈಪ್ಡ್ ಬಾಸ್‌ಗಾಗಿ ದಂಡೆಗೆ ಬರುತ್ತಾರೆ. ಬ್ಲೂಫಿಶ್ ಕಚ್ಚಿದರೆ ಆಮಿಷ ಹಾಳಾಯಿತೆಂದು ಬೇಸರಪಡುವವರನ್ನೂ ಕಂಡಿದ್ದೇನೆ. ನನ್ನ ಮಟ್ಟಿಗೆ ಅಟ್ಲಾಂಟಿಕ್ ದಂಡೆಯಲ್ಲಿ ಗಾಳಕ್ಕೆ ಬೀಳುವ ಮೀನುಗಳಲ್ಲಿ ತೂಕಕ್ಕೆ ತಕ್ಕ ಬಲ ನೋಡಿದರೆ ಇದಕ್ಕೆ ಸಮನಾದವು ವಿರಳ. ಪೊಮಟೋಮಸ್ ಸಾಲ್ಟಾಟ್ರಿಕ್ಸ್ ಎಂಬ ಈ ಪ್ರಭೇದ ತನ್ನ ಕುಟುಂಬದಲ್ಲಿ ಇಂದು ಉಳಿದಿರುವ ಏಕೈಕ ಸದಸ್ಯ. ಡರ್ಬನ್ ದಂಡೆಯಲ್ಲೂ ಆಸ್ಟ್ರೇಲಿಯದ ಮರಳತೀರಗಳಲ್ಲೂ ಇಸ್ತಾಂಬುಲ್‌ನ ಬಾಸ್ಫೊರಸ್ ಜಲಸಂಧಿಯಲ್ಲೂ ಜನ ಇದೇ ಮೀನಿಗಾಗಿ ಗಾಳ ಹಾಕುತ್ತಾರೆ. ಗಾಳದಲ್ಲಿ ಹಿಡಿದ ವಿಶ್ವದಾಖಲೆಯ ಮೀನು 1972ರ ಜನವರಿಯಲ್ಲಿ ನಾರ್ತ್ ಕ್ಯಾರೊಲಿನಾದ ಹ್ಯಾಟರಸ್‌ನಲ್ಲಿ ಸಿಕ್ಕಿತು. ಅದರ ತೂಕ 31 ಪೌಂಡ್ 12 ಔನ್ಸ್. ನಮ್ಮ ದಂಡೆಯಲ್ಲಿ 10 ಪೌಂಡಿನದು ಸಿಕ್ಕರೂ ತೋಳು ನೋಯುವುದು ಖಚಿತ.

ಏಪ್ರಿಲ್: ಸಲಕರಣೆ

ಹತ್ತು ಅಡಿಯ, 1ರಿಂದ 4 ಔನ್ಸ್‌ವರೆಗಿನ ತೂಕವನ್ನು ಎಸೆಯಬಲ್ಲ ಗಾಳದ ಕೋಲು, ಉಪ್ಪುನೀರಿಗೆ ತಡೆಯುವ ಸ್ಪಿನ್ನಿಂಗ್ ರೀಲ್, 30 ಪೌಂಡಿನ ಹೆಣೆದ ದಾರ, ಅದರ ಮುಂದೆ 50 ಪೌಂಡಿನ ನೈಲಾನ್ ದಾರದ ಒಂದು ಉದ್ದನೆಯ ತುಂಡು. ಇವಿಷ್ಟು ಈ ದಂಡೆಯ ಯಾವ ಮೀನಿಗೂ ಸಾಕು. ಬ್ಲೂಫಿಶ್‌ಗೆಂದೇ ಬೇಕಾಗುವುದು ಕೊನೆಯ ಗೇಣುದ್ದ. ಇದರ ದವಡೆಯಲ್ಲಿ ಒಂದೇ ಸಾಲಿನಲ್ಲಿ ಚೂಪಾದ ಹಲ್ಲುಗಳಿರುತ್ತವೆ; ಆಮಿಷದ ಹಿಂದೆ ಬರಿಯ ನೈಲಾನ್ ಇದ್ದರೆ ಕತ್ತರಿಯಿಂದ ಕತ್ತರಿಸಿದಂತೆ ತುಂಡಾಗುತ್ತದೆ. ಆದ್ದರಿಂದ ಒಂಟಿ ಎಳೆಯ ಉಕ್ಕಿನ ತಂತಿಯನ್ನು ಸುಮಾರು ಎಂಟು ಇಂಚಿಗೆ ಕತ್ತರಿಸಿ, ಹೇವೈರ್ ಟ್ವಿಸ್ಟ್ ಎಂಬ ಸುತ್ತು ಹಾಕಿ, ಎರಡೂ ತುದಿಗೆ ಕುಣಿಕೆ ಮಾಡಿ, ಏಪ್ರಿಲ್ ತಿಂಗಳಿಡೀ ಒಂದು ಡಬ್ಬಿ ತುಂಬುವಷ್ಟು ತಂತಿಗಳನ್ನು ಸಿದ್ಧಪಡಿಸಿದೆ. ಮೊದಲು ಮಡಚಿದ ತಂತಿಯ ಎರಡು ಎಳೆಗಳೂ ಪರಸ್ಪರ ಸಮನಾಗಿ ಹೆಣೆದುಕೊಳ್ಳಬೇಕು, ಆಮೇಲೆ ಬಿಗಿಯಾದ ಸುರುಳಿ ಬರಬೇಕು. ಒಂದು ಎಳೆ ನೇರವಾಗಿ ನಿಂತು ಇನ್ನೊಂದು ಅದನ್ನು ಸುತ್ತಿದರೆ ಎಳೆತಕ್ಕೆ ಜಾರಿಹೋಗುತ್ತದೆ.

ಎಲ್ಲ ಆಮಿಷಗಳಿಂದಲೂ ಮೂರು ಮುಳ್ಳಿನ ಗಾಳಗಳನ್ನು ಕಳಚಿ, ಅವುಗಳ ಬದಲಿಗೆ ಒಂಟಿ ಗಾಳ ಹಾಕಿ, ಅದರ ಮರುಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದು ಈ ಕೆಲಸದ ಅತ್ಯುತ್ತಮ ನಿರ್ಧಾರವೆಂದು ಈಗಲೂ ನಂಬಿದ್ದೇನೆ. ಬ್ಲೂಫಿಶ್ ಮರಳಿನ ಮೇಲೆ ಬಂದ ನಂತರವೂ ಸುಮ್ಮನಿರುವ ಜಾತಿಯಲ್ಲ. ತಲೆಯನ್ನು ಎರಡೂ ಕಡೆ ಒದರುತ್ತಾ, ಸಿಕ್ಕಿದ್ದನ್ನು ಕಚ್ಚಲು ನೋಡುತ್ತದೆ. ಬಾಯಲ್ಲಿ ಎರಡು ತ್ರಿಶೂಲಗಳು ನೇತಾಡುತ್ತಿರುವಾಗ ಅದನ್ನು ಬಿಡಿಸುವುದು ಮೀನಿಗೂ ಅಪಾಯ, ಬೆರಳಿಗೂ ಅಪಾಯ. ಒಂಟಿ ಗಾಳವಿದ್ದರೆ ಉದ್ದನೆಯ ಇಕ್ಕಳದಿಂದ ಒಮ್ಮೆ ತಿರುಗಿಸಿದರೆ ಸಾಕು, ಮೀನು ಬೇಗನೆ ನೀರಿಗೆ ಮರಳುತ್ತದೆ.

ಕಾಗದಪತ್ರದ ಕೆಲಸವೂ ಇದೇ ತಿಂಗಳಲ್ಲಿ ಮುಗಿಯಿತು. ನ್ಯೂಜೆರ್ಸಿಯಲ್ಲಿ ಕಡಲ ಗಾಳಕ್ಕೆ ಹಣ ಕೊಟ್ಟು ಪಡೆಯುವ ಪರವಾನಗಿ ಇಲ್ಲದಿದ್ದರೂ 16 ವರ್ಷ ದಾಟಿದವರು ಪ್ರತಿ ವರ್ಷ ಉಚಿತ ನೋಂದಣಿ ಮಾಡಿಸಿಕೊಳ್ಳಬೇಕು. ಈ ರಾಜ್ಯದಲ್ಲಿ ನೆಲೆಸಿರುವ, ಗಾಳದ ಆಸೆಯಿರುವ ಕನ್ನಡಿಗರು ಇದನ್ನು ಮರೆಯಬಾರದು.

ಮೇ: ಅಳಿವೆಯ ಬಾಯಿ

ಪಾರ್ಕ್‌ನ ದಕ್ಷಿಣದ ತುದಿಯಲ್ಲಿ ಬಾರ್ನೆಗಟ್ ಅಳಿವೆಯಿದೆ. ಆಚೆ ದಡದಲ್ಲಿ ಕೆಂಪು ಬಿಳಿ ಬಣ್ಣದ ಹಳೆಯ ದೀಪಸ್ತಂಭ ಕಾಣುತ್ತದೆ. ಅಳಿವೆಯ ಒಳಗಿರುವ ಬಾರ್ನೆಗಟ್ ಹಿನ್ನೀರು ಸರಾಸರಿ ಒಂದೂವರೆ ಮೀಟರ್ ಆಳದ್ದು ಮಾತ್ರ. ವಸಂತದ ಬಿಸಿಲಿಗೆ ಅದು ಕಡಲಿಗಿಂತ ಬೇಗ ಬೆಚ್ಚಗಾಗುತ್ತದೆ. ದಕ್ಷಿಣದಿಂದ ಏರಿ ಬರುವ ದೊಡ್ಡ ಬ್ಲೂಫಿಶ್‌ಗಳು ಮೇ ತಿಂಗಳಲ್ಲಿ ಇಲ್ಲಿಗೆ ನುಗ್ಗುವುದಕ್ಕೆ ಈ ಬೆಚ್ಚನೆಯ ನೀರೂ, ಅದರಲ್ಲಿ ಸೇರಿರುವ ಬಂಕರ್ ಮೀನಿನ ಹಿಂಡೂ ಕಾರಣ. ಬಂಕರ್ ನಮ್ಮ ಬೂತಾಯಿಯ ಬಳಗದ್ದೇ. ಬಾಯಿ ತೆರೆದು ಈಜುತ್ತಾ ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ, ಎಣ್ಣೆ ತುಂಬಿದ ಮೀನು.

ಇಳಿತದ ನೀರು ಹಿನ್ನೀರಿನಿಂದ ಹೊರಗೆ ಹರಿಯುವ ಹೊತ್ತೇ ಇಲ್ಲಿ ಮುಖ್ಯ. ಆದರೆ ದಂಡೆಯ ಉಬ್ಬರದ ಪಟ್ಟಿಯನ್ನು ಮಾತ್ರ ನೋಡಿಕೊಂಡು ಹೋದರೆ ಲೆಕ್ಕ ತಪ್ಪುತ್ತದೆ. ಕಡಲಿನಲ್ಲಿ ಉಬ್ಬರ ಮುಗಿದ ಮೇಲೂ ಕಿರಿದಾದ ಅಳಿವೆಯ ಮೂಲಕ ನೀರು ಬಹಳ ಹೊತ್ತು ಒಳಗೇ ಹರಿಯುತ್ತಿರುತ್ತದೆ. ಹರಿವು ತಿರುಗುವ ಗಳಿಗೆಯನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಬೇಕು. ಆ ಗಳಿಗೆಯ ನಂತರ, ಕಲ್ಲಿನ ಒಡ್ಡಿನ ತುದಿಯಲ್ಲಿ ಎರಡು ಹರಿವುಗಳು ಸೇರುವ ಗೆರೆಯ ಉದ್ದಕ್ಕೂ ಮೇಲ್ಮೈಯಲ್ಲಿ ನೀರು ಚಿಮ್ಮಿಸುತ್ತಾ ಸಾಗುವ ಪಾಪರ್ ಆಮಿಷವನ್ನು ಎಳೆದಾಗ ಸಿಕ್ಕ ಮೀನುಗಳು ಉದ್ದವಾಗಿದ್ದವು, ತಲೆ ದೊಡ್ಡದು, ಮೈ ಸಣಕಲು. ಚಳಿಗಾಲ ಕಳೆದು ದೂರದ ವಲಸೆ ಮುಗಿಸಿದ ಮೀನಿನ ಲಕ್ಷಣವಿದು. ಮೈಯಲ್ಲಿ ಕೊಬ್ಬಿಲ್ಲದಿದ್ದರೂ ಬಲಕ್ಕೆ ಕೊರತೆಯಿರಲಿಲ್ಲ. ಕಚ್ಚಿದ ಕೂಡಲೇ ಒಡ್ಡಿಗೆ ಸಮಾನಾಂತರವಾಗಿ ಓಡಿ, ಅರ್ಧ ದಾರಿಯಲ್ಲಿ ಇಡೀ ಮೈ ನೀರಿನಿಂದ ಹೊರಬರುವಂತೆ ಜಿಗಿದು ತಲೆ ಒದರುತ್ತಿದ್ದವು. ಜಿಗಿದಾಗ ದಾರ ಸಡಿಲವಾದರೆ ಭಾರವಾದ ಆಮಿಷದ ತೂಕವನ್ನೇ ಬಳಸಿ ಗಾಳವನ್ನು ಎಸೆದುಬಿಡುತ್ತದೆ. ಕೋಲಿನ ತುದಿಯನ್ನು ತಗ್ಗಿಸಿ, ದಾರದ ಬಿಗಿಯನ್ನು ಒಂದೇ ಸಮನೆ ಉಳಿಸಿಕೊಳ್ಳುವುದನ್ನು ಕೈ ಕಲಿತದ್ದು ಈ ತಿಂಗಳಲ್ಲಿ. ರೀಲಿನ ತಡೆಯನ್ನು ದಾರದ ಬಲದ ಕಾಲು ಭಾಗಕ್ಕೆ, ಅಂದರೆ ಏಳೂವರೆ ಪೌಂಡಿಗೆ, ತಕ್ಕಡಿ ಕಟ್ಟಿ ಹೊಂದಿಸಿದ್ದೇನೆ. ವರ್ಷದುದ್ದಕ್ಕೂ ಅದನ್ನು ಬದಲಿಸುವ ಅಗತ್ಯ ಬರಲಿಲ್ಲ.

ಜೂನ್‌ನಿಂದ ಆಗಸ್ಟ್: ಬಿಡುವು

ಬೇಸಿಗೆಯಲ್ಲಿ ದೊಡ್ಡ ಮೀನುಗಳು ದಂಡೆಯಿಂದ ದೂರವಾದವು. ಜುಲೈನಲ್ಲಿ ನೈರುತ್ಯದ ಗಾಳಿ ಸತತವಾಗಿ ಬೀಸಿದಾಗ ದಂಡೆಯ ಬೆಚ್ಚನೆಯ ಮೇಲ್ನೀರು ಹೊರಗೆ ಸರಿದು, ತಳದ ತಣ್ಣೀರು ಮೇಲೇರಿ, ಸುಡುಬಿಸಿಲಿನ ದಿನವೂ ಕಾಲು ಮರಗಟ್ಟುವಷ್ಟು ಕಡಲು ತಣ್ಣಗಾಗುತ್ತಿತ್ತು. ಮುಂಗಾರಿನಲ್ಲಿ ಕರ್ನಾಟಕದ ಕರಾವಳಿಯಾಚೆ ತಳದ ನೀರು ಮೇಲೇರಿ ಬೂತಾಯಿಗೆ ಆಹಾರ ಒದಗಿಸುವುದೂ ಇದೇ ಬಗೆಯ ಕ್ರಿಯೆಯಿಂದ. ಇಲ್ಲಿ ಅದು ಗಾಳದವರನ್ನು ಮನೆಗೆ ಕಳಿಸುತ್ತದೆ. ಹಿನ್ನೀರಿನಲ್ಲಿ ಮಾತ್ರ ಗೇಣುದ್ದದ ಮರಿಗಳು ತುಂಬಿದ್ದವು. ಇವುಗಳಲ್ಲಿ ಒಂದು ಪಾಲು ವಸಂತದಲ್ಲಿ ಹ್ಯಾಟರಸ್‌ಗೂ ದಕ್ಷಿಣಕ್ಕೆ, ದೂರದ ಕಡಲಲ್ಲಿ ಹುಟ್ಟಿ, ಗಲ್ಫ್ ಸ್ಟ್ರೀಮ್ ಪ್ರವಾಹದ ಜತೆ ಉತ್ತರಕ್ಕೆ ಸಾಗಿ ಬಂದು ಹಿನ್ನೀರು ಸೇರಿದವು.

ಸೆಪ್ಟೆಂಬರ್: ಮಲೆಟ್ ಬಂದಾಗ

ಇಡೀ ದಾಖಲೆಯಲ್ಲಿ ಹೆಚ್ಚು ಪುಟಗಳು ಈ ತಿಂಗಳಿಗೆ ಸೇರಿವೆ. ಬೆರಳುದ್ದದ ಮಲೆಟ್ ಮೀನುಗಳು ಬೇಸಿಗೆಯನ್ನು ಹಿನ್ನೀರಿನಲ್ಲಿ ಕಳೆದು, ಮೊದಲ ಈಶಾನ್ಯದ ತಂಗಾಳಿಗೆ ಅಳಿವೆ ದಾಟಿ ಹೊರಬಂದು, ದಂಡೆಗೆ ಒತ್ತಿಕೊಂಡೇ ದಕ್ಷಿಣಕ್ಕೆ ಸಾಗುತ್ತವೆ. ಮೊಣಕಾಲುದ್ದದ ನೀರಿನಲ್ಲಿ ಅವುಗಳ ಹಿಂಡು ಕಪ್ಪು ನೆರಳಾಗಿ ಹಾದುಹೋಗುವುದು ದಂಡೆಯಿಂದಲೇ ಕಾಣುತ್ತದೆ. ನೂರು ಗಜ ಎಸೆಯುವ ಬಲವಿದ್ದವನು ಆ ಹೊತ್ತಿನಲ್ಲಿ ಮೀನುಗಳ ತಲೆಯ ಮೇಲೆ ಹಾಯಿಸಿ ಆಚೆಗೆ ಎಸೆಯುತ್ತಿರುತ್ತಾನೆ.

ಇಲ್ಲಿ ದಂಡೆಯನ್ನು ಓದುವುದು ಬೇಕಾಗುತ್ತದೆ. ಪೂರ್ಣ ಇಳಿತದ ಹೊತ್ತಿನಲ್ಲಿ ಗಾಳವಿಲ್ಲದೆ ನಡೆದುಹೋಗಿ, ಮರಳದಿಣ್ಣೆ ಎಲ್ಲಿದೆ, ದಿಣ್ಣೆಗೂ ದಡಕ್ಕೂ ನಡುವಿನ ತಗ್ಗು ಎಷ್ಟು ಅಗಲ, ದಿಣ್ಣೆ ಎಲ್ಲಿ ಕಡಿದು ಬಾಗಿಲು ಬಿಟ್ಟಿದೆ ಎಂಬುದನ್ನು ಬರೆದುಕೊಂಡೆ. ಉಬ್ಬರದಲ್ಲಿ ಇದೆಲ್ಲ ಮುಳುಗಿದ ಮೇಲೂ ತೆರೆಗಳು ಅದನ್ನು ತೋರಿಸುತ್ತವೆ: ದಿಣ್ಣೆಯ ಮೇಲೆ ತೆರೆ ಒಡೆದು ನೊರೆಯಾಗುತ್ತದೆ, ತಗ್ಗಿಗೆ ಬಂದಾಗ ಮತ್ತೆ ಮೈ ಕೂಡಿಸಿಕೊಳ್ಳುತ್ತದೆ, ಬಾಗಿಲಿರುವಲ್ಲಿ ಒಡೆಯದೆಯೇ ಒಳಗೆ ಬರುತ್ತದೆ. ಬ್ಲೂಫಿಶ್ ಆ ಬಾಗಿಲಿನಿಂದ ಒಳಬಂದು, ತಗ್ಗಿನಲ್ಲಿ ಸಾಗುವ ಮಲೆಟ್‌ಗಳನ್ನು ದಡಕ್ಕೆ ಅದುಮಿ ತಿನ್ನುತ್ತದೆ. ಬಾಗಿಲಿನ ಉತ್ತರದ ಮೂಲೆಯಲ್ಲಿ ನಿಂತು, ದಡಕ್ಕೆ ಓರೆಯಾಗಿ, ಮೂವತ್ತು ನಲವತ್ತು ಗಜದೊಳಗೆ ಲೋಹದ ಆಮಿಷ ಎಳೆಯುವುದೇ ಈ ತಿಂಗಳ ಉತ್ತಮ ಫಲಗಳಿಗೆ ಕಾರಣವಾಯಿತು. ಹಾಪ್ಕಿನ್ಸ್, ಕ್ಯಾಸ್ಟ್‌ಮಾಸ್ಟರ್ ಮಾದರಿಯ ಲೋಹದ ತುಂಡುಗಳು ಹಲ್ಲಿಗೆ ಜಗ್ಗುವುದಿಲ್ಲ. ಮೆದುವಾದ ರಬ್ಬರ್ ಮೀನುಗಳು ಮೊದಲ ಕಡಿತಕ್ಕೇ ಬಾಲ ಕಳೆದುಕೊಳ್ಳುತ್ತವೆ. ಬ್ಲೂಫಿಶ್ ಬೇಟೆಯನ್ನು ಹಲವು ಸಲ ಹಿಂದಿನಿಂದಲೇ ಕಡಿಯುವುದರಿಂದ ಒಂಟಿ ಗಾಳವನ್ನು ಆಮಿಷದ ಹಿಂತುದಿಗೆ ಹಾಕುವುದು ಸರಿಯಾದ ಜಾಗ.

ಅಕ್ಟೋಬರ್: ಹಕ್ಕಿಗಳ ಕೆಳಗೆ

ಮಲೆಟ್ ಹೋದ ಮೇಲೆ ಬಂಕರ್ ಮರಿಗಳು ಹೊರಬಂದವು. ಕಡಲಹಕ್ಕಿಗಳೂ ರೀವ (ಟರ್ನ್) ಹಕ್ಕಿಗಳೂ ಒಂದೇ ಕಡೆ ಮುತ್ತಿ ಎರಗುತ್ತಿದ್ದರೆ ಕೆಳಗೆ ಬೇಟೆ ನಡೆದಿದೆ ಎಂದೇ ಅರ್ಥ. ಅಂಥ ಹೊತ್ತಿನಲ್ಲಿ ನೀರಿನ ಮೇಲೆ ಎಣ್ಣೆಯ ಪೊರೆ ಹರಡಿ, ಗಾಳಿಯಲ್ಲಿ ಹೆಚ್ಚಿದ ಸೌತೆಕಾಯಿಯ ವಾಸನೆ ಬರುತ್ತದೆಂದು ಇಲ್ಲಿನ ಹಿರಿಯ ಗಾಳದವರು ಹೇಳುವುದನ್ನು ಕೇಳಿದ್ದೆ. ಅಕ್ಟೋಬರ್‌ನ ಒಂದು ಮಧ್ಯಾಹ್ನ ಅದು ನನ್ನ ಮೂಗಿಗೂ ಬಂತು. ಹಿಂಡು ದಡಕ್ಕೆ ತಾಗುವಷ್ಟು ಹತ್ತಿರ ಬಂದು, ಹೊಟ್ಟೆ ಸೀಳಿದ ಬಂಕರ್ ಮರಿಗಳು ತೆರೆಯೊಡನೆ ಮರಳಿನ ಮೇಲೆ ಬಿದ್ದವು. ಆ ದಿನ ಮೂವತ್ಮೂರು ಇಂಚಿನ ಒಂದು ಮೀನು ದಂಡೆಗೆ ಬಂತು, ಈ ವರ್ಷದ ಅತಿ ಉದ್ದದ್ದು. ಬಾಲದ ಬುಡ ಹಿಡಿದು, ಹೊಟ್ಟೆಗೆ ಕೈ ಆನಿಸಿ, ತೆರೆಯ ಹಿಂಜರಿತಕ್ಕೆ ಬಿಟ್ಟೆ.

ಬಿಡುವುದು ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. 2019ರ ಅಂದಾಜಿನಲ್ಲಿ ಅಟ್ಲಾಂಟಿಕ್ ಬ್ಲೂಫಿಶ್ ಸಂತತಿ ಕುಸಿದಿದೆಯೆಂದು ಕಂಡುಬಂದುದರಿಂದ 2020ರಲ್ಲಿ ದಂಡೆಯ ಗಾಳದವರ ದಿನದ ಮಿತಿಯನ್ನು 15ರಿಂದ 3ಕ್ಕೆ ಇಳಿಸಲಾಯಿತು. 2022ರಲ್ಲಿ ಏಳು ವರ್ಷಗಳ ಪುನಶ್ಚೇತನ ಯೋಜನೆ ಆರಂಭವಾಯಿತು. ಮಿತಿ ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಹೋಗುವ ಮುನ್ನ ಅಂದಿನ ನಿಯಮವನ್ನು ನೋಡಿಕೊಳ್ಳುವುದು ಒಳ್ಳೆಯದು. ಮಿತಿ ಎಷ್ಟೇ ಇರಲಿ, ಆ ಸಂಜೆ ತಿನ್ನಲಾಗದ ಮೀನನ್ನು ಕೊಲ್ಲುವುದು ನನಗೆ ಒಪ್ಪಿಗೆಯಿಲ್ಲ. ಇದರ ಮಾಂಸ ಇಟ್ಟುಕೊಳ್ಳುವಂಥದೂ ಅಲ್ಲ. ಎಣ್ಣೆಯಂಶ ಹೆಚ್ಚಾದ್ದರಿಂದ ಬೇಗ ಕೆಡುತ್ತದೆ. ಇಟ್ಟುಕೊಳ್ಳುವ ಸಣ್ಣ ಮೀನಿನ ಕಿವಿರನ್ನು ಅಲ್ಲೇ ಕತ್ತರಿಸಿ ರಕ್ತ ಬಸಿದು, ಐಸ್ ಮತ್ತು ಕಡಲನೀರು ಬೆರೆಸಿದ ಪೆಟ್ಟಿಗೆಯಲ್ಲಿ ಹಾಕಬೇಕು. ಮನೆಯಲ್ಲಿ ಪಕ್ಕೆಯ ನಡುವಿನ ಕಡುಗೆಂಪು ಪಟ್ಟಿಯನ್ನು ತೆಗೆಯಬೇಕು. ಹೀಗೆ ಮಾಡಿದ ಮೀನಿಗೆ ಬಂಗುಡೆಯ ಮಸಾಲೆ ಚೆನ್ನಾಗಿ ಹೊಂದುತ್ತದೆ: ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ತೆಂಗಿನಕಾಯಿ, ಸ್ವಲ್ಪ ಹೆಚ್ಚೇ ಎನ್ನಿಸುವಷ್ಟು ಹುಣಸೆಹುಳಿ, ಕೊನೆಯಲ್ಲಿ ಜಜ್ಜಿದ ಜುಮ್ಮನಕಾಯಿ. ದೊಡ್ಡ ಮೀನುಗಳಲ್ಲಿ ಪಾದರಸವೂ ಪಿಸಿಬಿ ರಾಸಾಯನಿಕಗಳೂ ಹೆಚ್ಚಾಗಿ ಸೇರುವುದರಿಂದ ಅವನ್ನು ಮನೆಗೆ ತರುವುದಿಲ್ಲ.

ನವೆಂಬರ್

ಮರಳುಹಾವುಮೀನುಗಳು ದಂಡೆಗೆ ಬಂದವು, ಆಚೆ ಗ್ಯಾನೆಟ್ ಹಕ್ಕಿಗಳು ಎರಗಿದವು, ಸ್ಟ್ರೈಪ್ಡ್ ಬಾಸ್ ಸಿಗತೊಡಗಿತು. ಬ್ಲೂಫಿಶ್ ತಿಂಗಳ ಮೊದಲ ವಾರದ ನಂತರ ಕಾಣಲಿಲ್ಲ. ರೀಲನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಗ್ರೀಸ್ ಹಚ್ಚಿದ್ದೇನೆ. ಉಪ್ಪು ಹಿಡಿದ ತಂತಿಗಳನ್ನೆಲ್ಲ ಎಸೆದಿದ್ದೇನೆ.

ಮುಂದಿನ ವರ್ಷಕ್ಕೆ ಎರಡು ಕೆಲಸಗಳಿವೆ. ಅಳಿವೆಯ ಹರಿವು ತಿರುಗುವ ಹೊತ್ತನ್ನು ಚಂದ್ರನ ತಿಥಿಯೊಂದಿಗೆ ಸೇರಿಸಿ ಏಪ್ರಿಲ್‌ನಿಂದಲೇ ಪಟ್ಟಿ ಮಾಡಬೇಕು. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ಆ ಹೊತ್ತಿಗೂ ದಂಡೆಯ ಉಬ್ಬರದ ಹೊತ್ತಿಗೂ ಇರುವ ವ್ಯತ್ಯಾಸ ಹಿಗ್ಗುತ್ತದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಎರಡನೆಯದಾಗಿ, ಬಂಕರ್ ತುಂಡನ್ನು, ಮೊನೆ ಒಳಕ್ಕೆ ಬಾಗಿರುವ ಸರ್ಕಲ್ ಗಾಳಕ್ಕೆ ಹಾಕಿ ರಾತ್ರಿಯ ಉಬ್ಬರದಲ್ಲಿ ಪ್ರಯತ್ನಿಸಬೇಕೆಂದಿದೆ. ಸ್ಟ್ರೈಪ್ಡ್ ಬಾಸ್‌ಗೆ ಮೀನಿನ ಆಮಿಷ ಹಾಕುವವರಿಗೆ ಆ ಗಾಳ 2021ರಿಂದ ಕಡ್ಡಾಯವಾಗಿದೆ. ಕತ್ತಲಲ್ಲಿ ಯಾವ ಮೀನು ಕಚ್ಚೀತೆಂದು ಹೇಳಲಾಗದ್ದರಿಂದ ಎರಡಕ್ಕೂ ಅದನ್ನೇ ಬಳಸುವೆ. ಅದರ ಮೇಲಿನ ತಂತಿಯನ್ನು ಇನ್ನೂ ತೆಳ್ಳಗೆ ಮಾಡಬಹುದೇ ಎಂಬ ಪರೀಕ್ಷೆಯನ್ನು ಚಳಿಗಾಲದಲ್ಲೇ, ತಕ್ಕಡಿಗೆ ಕಟ್ಟಿ ಎಳೆದು, ಮುಗಿಸಿಕೊಳ್ಳುತ್ತೇನೆ.