ಜರ್ನೈಲ್ ಸಿಂಗ್ ಗೊಂಬೆ: ಇಲ್ಲಿಯವರೆಗಿನ ಕೆಲಸ

ಸೆಪ್ಟೆಂಬರ್ 4

ಇವತ್ತು ಶುರು ಮಾಡಿದೆ. ದಿನ ನೋಡಿಯೇ ಶುರು ಮಾಡಿದ್ದು. 1962ರ ಇದೇ ದಿನ ಜಕಾರ್ತದಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2-1ರಲ್ಲಿ ಸೋಲಿಸಿ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಗೆದ್ದಿತು. 17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಮೊದಲ ಗೋಲ್ ಹೊಡೆದರು. ಮೂರೇ ನಿಮಿಷಕ್ಕೆ ಎರಡನೆಯದನ್ನು ಜರ್ನೈಲ್ ಸಿಂಗ್ ಹೊಡೆದರು. ಅವರು ಡಿಫೆಂಡರ್. ಗೋಲ್ ತಡೆಯುವುದು ಅವರ ಕೆಲಸ.

ಅವರು ತೀರಿಕೊಂಡಿದ್ದು 2000ದ ಅಕ್ಟೋಬರ್ 13ರಂದು, ಕೆನಡಾದ ವ್ಯಾಂಕೂವರ್‌ನಲ್ಲಿ. ಆ ದಿನಕ್ಕೆ ಗೊಂಬೆ ಸಿದ್ಧವಾಗಬೇಕು ಅಂತ ಲೆಕ್ಕ. ಪ್ರತಿ ದಸರಾಕ್ಕೂ ನಾನು ಒಂದು ಹೊಸ ಗೊಂಬೆ ಮಾಡುತ್ತೇನೆ. ಈ ಸಲ ಇವರದು. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಒಂದು ಫುಟ್‌ಬಾಲ್ ಮೈದಾನ ಇರಲಿ ಅಂತ ಅಪ್ಪ ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಅಪ್ಪ ಹಲಸೂರು ಕಡೆಯ ಗ್ರೌಂಡುಗಳಲ್ಲಿ ಬ್ಯಾಕ್, ಅಂದರೆ ಡಿಫೆಂಡರ್ ಆಗಿ ಆಡಿದವರು.

ಎತ್ತರ 20 ಸೆಂಟಿಮೀಟರ್. ಒಳಗೆ ಅಲ್ಯೂಮಿನಿಯಂ ತಂತಿ, ಮೇಲೆ ಕಲಸಿ ಮೆತ್ತಿದರೆ ಗಟ್ಟಿಯಾಗುವ ಎಂ-ಸೀಲ್.

ಸೆಪ್ಟೆಂಬರ್ 8

ತಂತಿಯ ಹಂದರ ಆಯಿತು. ಗೋಲಿನ ಕಡೆ ಓಡುತ್ತಿರುವ ಭಂಗಿ. ಬೆನ್ನಿಗೆ ಎರಡು ಎಳೆ ಹೊಸೆದು ಹಾಕಿದೆ, ಕಾಲಿಗೆ ಒಂದೇ. ತೊಡೆ ತುಂಬುವುದಕ್ಕೆ ನ್ಯೂಸ್ ಪೇಪರ್ ಉಂಡೆ ಕಟ್ಟಿ ದಾರ ಸುತ್ತಿದೆ. ಇಲ್ಲದಿದ್ದರೆ ಎಂ-ಸೀಲ್ ಸುಮ್ನೆ ಜಾಸ್ತಿ ಖರ್ಚಾಗುತ್ತದೆ.

ಸೆಪ್ಟೆಂಬರ್ 15

ಇಡೀ ಭಾನುವಾರ ತಲೆಗೇ ಹೋಯಿತು.

ಎಂ-ಸೀಲ್ ಕಲಸಿದ ಮೇಲೆ ಕೈಗೆ ಸಿಗುವ ಸಮಯ ಕಡಿಮೆ. ಹಾಗಾಗಿ ಒಂದು ಸಲಕ್ಕೆ ನೆಲ್ಲಿಕಾಯಿ ಗಾತ್ರ ಮಾತ್ರ ಕಲಸಿದೆ. ಮೊದಲು ಹಣೆ, ಆಮೇಲೆ ಮೂಗು, ಆಮೇಲೆ ಗಡ್ಡ. ಗಡ್ಡದ ಎಳೆ ತೆಗೆಯಲು ಹಳೆಯ ಟೂತ್‌ಬ್ರಷ್ ಒತ್ತಿದೆ. ನೆತ್ತಿಯ ಮೇಲೆ ಗಂಟು ಕಟ್ಟಿದ ಕೂದಲು, ಅದರ ಮೇಲೆ ಬಿಗಿಯಾದ ಬಟ್ಟೆ. ಒದ್ದೆ ಬೆರಳಿನಿಂದ ಸವರಿದರೆ ಬಟ್ಟೆಯ ಮಡಿಕೆ ಚೆನ್ನಾಗಿ ಬರುತ್ತದೆ.

ಆಮೇಲೆ ಹೊಲಿಗೆ. ಜಕಾರ್ತದಲ್ಲಿ ಭಾರತ ಮೊದಲ ಪಂದ್ಯವನ್ನು ಇದೇ ಕೊರಿಯಾ ಎದುರು 0-2ರಲ್ಲಿ ಸೋತಿತ್ತು. ಥಾಯ್ಲೆಂಡ್ ಎದುರು 4-1ರಲ್ಲಿ ಗೆದ್ದ ಪಂದ್ಯದಲ್ಲಿ ಜರ್ನೈಲ್ ತಲೆ ಒಡೆಯಿತು. ಆರು ಹೊಲಿಗೆ ಬಿದ್ದವು. ಬೇರೆಯವರಾಗಿದ್ದರೆ ಅವರ ಕೂಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೋಚ್ ಸೈಯದ್ ಅಬ್ದುಲ್ ರಹೀಮ್, ಜರ್ನೈಲ್ ಅವರನ್ನು ಸೆಮಿಫೈನಲ್‌ನಲ್ಲಿ ಸೆಂಟರ್ ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲ್ ಹೊಡೆಯುವವರನ್ನಾಗಿ ಮಾಡಿ ಇಳಿಸಿದರು. ಹಿಂದೆ ಅವರು ಆಡುತ್ತಿದ್ದ ಸ್ಟಾಪರ್ ಜಾಗಕ್ಕೆ ಅರುಣ್ ಘೋಷ್ ಬಂದರು. ದಕ್ಷಿಣ ವಿಯೆಟ್ನಾಂ ಎದುರು 3-2ರ ಗೆಲುವು. ಎರಡು ಗೋಲ್ ನಾಯಕ ಚುನಿ ಗೋಸ್ವಾಮಿಯವರದು, ಒಂದು ಜರ್ನೈಲ್ ಅವರದು.

ಫೈನಲ್‌ಗೆ ಲಕ್ಷ ಜನ ಸೇರಿದ್ದರು. ಹೆಚ್ಚಿನವರು ಭಾರತದ ವಿರುದ್ಧ. ಇಸ್ರೇಲ್ ಮತ್ತು ತೈವಾನ್‌ನವರನ್ನು ಕೂಟಕ್ಕೆ ಬಿಟ್ಟುಕೊಳ್ಳದಿದ್ದನ್ನು ನಮ್ಮ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರು, ಆ ಸಿಟ್ಟು ಆಟಗಾರರ ಮೇಲೆ ತಿರುಗಿತ್ತು. ತಂಡದ ಬಸ್ಸನ್ನು ದೂರದಿಂದಲೇ ಗುರುತು ಹಿಡಿಯಬಾರದು ಅಂತ ಪೇಟದ ಜರ್ನೈಲ್ ಅವರನ್ನು ಬಸ್ಸಿನ ನೆಲದ ಮೇಲೆ ಕೂರಿಸಿ ಕರೆದುಕೊಂಡು ಹೋದರು ಎಂದು ಜೊತೆಗಾರರು ಹೇಳಿದ್ದಾರೆ. ತಲೆಗೆ ಹೊಲಿಗೆ, ಕೂರಲು ಬಸ್ಸಿನ ನೆಲ. ಅಲ್ಲಿಂದ ಎದ್ದು ಹೋಗಿ ಗೋಲ್ ಹೊಡೆದರು.

ಇದನ್ನೆಲ್ಲ ನೆನೆಯುತ್ತಾ ಸೂಜಿ ಮೊನೆಯಲ್ಲಿ ಹಣೆಯ ಮೇಲೆ ಆರು ಹೊಲಿಗೆ ಕೊರೆದೆ. ಅದರ ಮೇಲೆ ಬ್ಯಾಂಡೇಜ್ ಬಟ್ಟೆಯ ಸಣ್ಣ ಪಟ್ಟಿಯನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಸುತ್ತಿದೆ. ಹೊಲಿಗೆ ಯಾರಿಗೂ ಕಾಣುವುದಿಲ್ಲ. ಇರಲಿ ಅನ್ನಿಸಿತು.

ಸೆಪ್ಟೆಂಬರ್ 22

ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ಹಿಡಿದು ನೋಡಿದರು. ಮುಖ ಚೆನ್ನಾಗಿದೆ ಅಂದರು. ಮತ್ತೆ ತಿರುಗಿಸಿ ತಿರುಗಿಸಿ ನೋಡಿದರು.

"ಇದು ಫಾರ್ವರ್ಡ್ ಕಣಮ್ಮ. ಬ್ಯಾಕ್ ಎಲ್ಲಿ?"

ನನಗೆ ಮೊದಲು ಅರ್ಥವಾಗಲಿಲ್ಲ. ಆ ಗೋಲ್, ಆ ಪಟ್ಟಿ, ಅದೇ ಅಲ್ವಾ ಎಲ್ಲರಿಗೂ ನೆನಪಿರುವುದು ಅಂದೆ.

"ಅದು ಎರಡು ಮ್ಯಾಚು. ಅವರು ಹತ್ತು ವರ್ಷ ಕಲ್ಕತ್ತಾದ ಮೋಹನ್ ಬಾಗಾನ್‌ಗೆ ಬ್ಯಾಕ್ ಆಡಿದಾರೆ. ನಮ್ಮ ಬೆಂಗಳೂರಿನ ಅರುಮೈನಾಯಗಂ ಅದೇ ಟೀಮಲ್ಲಿದ್ದರು. ನಾವು ಹುಡುಗರು ಜರ್ನೈಲ್ ಹೆಸರು ಕೇಳಿದ್ದೇ ಟ್ಯಾಕಲ್‌ಗೆ. ಹಿಂದುಗಡೆ ಗಟ್ಟಿಯಾಗಿ ಆಡಿದವನಿಗೆ ‘ಏನೋ ಜರ್ನೈಲೂ’ ಅಂತಿದ್ವಿ."

ಅಪ್ಪ ಹೇಳಿದ್ದು ಸರಿ. ಡಿಫೆಂಡರ್‌ನ ಒಳ್ಳೆಯ ಕೆಲಸ ಸ್ಕೋರಿನಲ್ಲಿ ಕಾಣುವುದಿಲ್ಲ. ಬೀಳಬೇಕಿದ್ದ ಗೋಲ್ ಬೀಳಲಿಲ್ಲ, ಅಷ್ಟೇ. ಹಾಗಾಗಿ ಅವರನ್ನು ನೆನೆಯುವಾಗಲೂ ನಾವು ಅವರು ಹೊಡೆದ ಗೋಲನ್ನೇ ಹಿಡಿದುಕೊಳ್ಳುತ್ತೇವೆ. ನಾನೂ ಅದನ್ನೇ ಮಾಡಿದ್ದೆ. ಇದು ನನಗೆ ತುಂಬಾ ಚುಚ್ಚಿತು.

ಸೆಪ್ಟೆಂಬರ್ 29

ಹೊಸ ಹಂದರ. ಈ ಸಲ ಸ್ಲೈಡಿಂಗ್ ಟ್ಯಾಕಲ್.

ಅಪ್ಪ ಹಾಲ್‌ನಲ್ಲಿ ಚಾಪೆ ಹಾಸಿ ಕೂತು ತೋರಿಸಿದರು. ಎಡಗಾಲು ಮಡಚಿ ಕುಂಡಿಯ ಕೆಳಗೆ. ಬಲಗಾಲು ಉದ್ದಕ್ಕೆ ಚಾಚಿ, ಪಾದ ಸ್ವಲ್ಪ ಒಳಕ್ಕೆ ಬಾಗಿರಬೇಕು, ಚೆಂಡನ್ನು ಕೊಕ್ಕೆ ಹಾಕಿ ಎಳೆಯುವ ಹಾಗೆ. ಎಡಗೈ ನೆಲಕ್ಕೆ ಊರಿರಬೇಕು. ಕಣ್ಣು ಎದುರಾಳಿಯ ಮುಖದ ಮೇಲಲ್ಲ, ಚೆಂಡಿನ ಮೇಲೆ. ಚೆಂಡಿಗೆ ಮೊದಲು ಮುಟ್ಟಿದರೆ ಟ್ಯಾಕಲ್, ಕಾಲಿಗೆ ಮೊದಲು ಮುಟ್ಟಿದರೆ ಫೌಲ್. ಅರ್ಧ ಕ್ಷಣದ ವ್ಯತ್ಯಾಸ. ಕಲ್ಕತ್ತಾ ಲೀಗ್ ಆಡುತ್ತಿದ್ದದ್ದು ಮಳೆಗಾಲದಲ್ಲಿ. ಕೆಸರಿನಲ್ಲಿ ಜಾರುವುದು ಸುಲಭ, ನಿಲ್ಲುವುದು ಕಷ್ಟ. ಆ ನೆಲದಲ್ಲಿ ಹತ್ತು ವರ್ಷ ಈ ಕೆಲಸ ಮಾಡಿದ ದೇಹ ಇದು ಅಂತ ಯೋಚಿಸುತ್ತಾ ತೊಡೆಗೆ ಇನ್ನೊಂದು ಪದರ ಸೇರಿಸಿದೆ.

ಗೊಂಬೆ ನಿಲ್ಲುವುದಿಲ್ಲ, ಮಲಗುತ್ತದೆ. ಇದರಿಂದ ಒಂದು ಅನುಕೂಲವಾಯಿತು. ಭಾರ ಮೂರು ಕಡೆ ಹಂಚಿಹೋಗುತ್ತದೆ. ಹಲಗೆಗೆ ಮೊಳೆ ಬೇಡ.

ಅಕ್ಟೋಬರ್ 6

ಬಲ ಪಾದ ಮುರಿಯಿತು. ಒಣಗುವ ಮೊದಲೇ ಬಾಗಿಸಲು ಹೋದೆ. ಕೆರೆದು ತೆಗೆದು, ತಂತಿಗೆ ದಾರ ಸುತ್ತಿ ಮತ್ತೆ ಮೆತ್ತಿದೆ. ಈಗ ಗಟ್ಟಿಯಾಗಿದೆ.

ಹಲಗೆಯ ಮೇಲೆ ಸೋಸಿದ ಕೆಮ್ಮಣ್ಣು, ಮರದ ಹೊಟ್ಟು, ಫೆವಿಕಾಲ್ ಕಲಸಿ ಹಾಕಿದೆ. ಜಾರಿದ ದಾರಿ ಕಾಣಲಿ ಅಂತ ಚಮಚದ ಹಿಡಿಯಿಂದ ಒಂದು ಉದ್ದ ಗೀರು ಎಳೆದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಚೆನ್ನಾಗಿ ಬಂದಿದ್ದು ಇದೇ ಗೀರು.

ಬಣ್ಣದ ವಿಷಯ ತೀರ್ಮಾನವಾಯಿತು. ಪೂರ್ತಿ ಬೂದು. ಕಪ್ಪು ಬಿಳಿ ಫೋಟೋಗಳಲ್ಲೇ ನಾನು ಅವರನ್ನು ನೋಡಿದ್ದು, ಹಾಗೆಯೇ ಇರಲಿ. ಮಣ್ಣಿಗೆ ಮಾತ್ರ ಅದರದೇ ಬಣ್ಣ.

ಹೆಸರಿನ ಫಲಕವನ್ನೂ ಬರೆದೆ: ಜರ್ನೈಲ್ ಸಿಂಗ್ ಧಿಲ್ಲೋನ್, 1936–2000, ಡಿಫೆಂಡರ್. ಬೇರೇನೂ ಬರೆಯಲಿಲ್ಲ. ಬರೆಯಲು ಬೇಕಾದಷ್ಟಿತ್ತು. ದೇಶ ಒಡೆದಾಗ ಹನ್ನೊಂದರ ಹುಡುಗ. ಈಗಿನ ಪಾಕಿಸ್ತಾನದ ಕಡೆಯಿಂದ ಬಂದು ಹೋಶಿಯಾರ್‌ಪುರದ ಪನಾಮ್ ಹಳ್ಳಿಯಲ್ಲಿ ನೆಲೆ ನಿಂತ ಕುಟುಂಬ. ಮಾಹಿಲ್‌ಪುರದ ಖಾಲ್ಸಾ ಕಾಲೇಜು, ಆಮೇಲೆ ಕಲ್ಕತ್ತಾ. 1960ರ ರೋಮ್ ಒಲಿಂಪಿಕ್ಸ್, 1964ರಲ್ಲಿ ಅರ್ಜುನ ಪ್ರಶಸ್ತಿ, ಭಾರತದ ನಾಯಕತ್ವ, ಏಷ್ಯಾ ಆಲ್ ಸ್ಟಾರ್ ತಂಡದ ನಾಯಕತ್ವ. ಆದರೆ "ಡಿಫೆಂಡರ್" ಅಂತ ಬರೆದ ಮೇಲೆ ಉಳಿದದ್ದಕ್ಕೆ ಜಾಗ ಬೇಕು ಅನ್ನಿಸಲಿಲ್ಲ.

ಅಕ್ಟೋಬರ್ 12

ತಲೆಯೊಂದೇ ಬಾಕಿ ಇತ್ತು. ಹೊಸದು ಮಾಡಲು ಮನಸ್ಸಾಗಲಿಲ್ಲ. ಆ ಮುಖ ಎರಡನೇ ಸಲ ಹಾಗೆ ಬರುವುದಿಲ್ಲ. ಹಳೆಯ ದೇಹದಿಂದ ಹ್ಯಾಕ್ಸಾ ಬ್ಲೇಡ್‌ನಲ್ಲಿ ಕೊಯ್ದು ತೆಗೆದೆ.

ಆದರೆ ಹಣೆಯ ಬ್ಯಾಂಡೇಜ್ ಪಟ್ಟಿ ಇರುವ ಹಾಗಿಲ್ಲ. ಪೆಟ್ಟು ಬಿದ್ದ ಮೇಲೆ ಆ ಕೂಟದಲ್ಲಿ ಅವರು ಆಡಿದ್ದು ಮುಂದುಗಡೆ. ಈ ಟ್ಯಾಕಲ್ ಅದಕ್ಕೂ ಮೊದಲಿನದು. ಬಿಸಿ ನೀರಿನಲ್ಲಿ ಹತ್ತಿ ಅದ್ದಿ ಒತ್ತಿಟ್ಟೆ. ಫೆವಿಕಾಲ್ ಮೆತ್ತಗಾಯಿತು. ಪಟ್ಟಿ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಬಂತು. ಕೆಳಗೆ ಆರು ಹೊಲಿಗೆಯೂ ಹಾಗೇ ಇದ್ದವು.

ಒಂದು ಚಿಟಿಕೆ ಎಂ-ಸೀಲ್ ಕಲಸಿ ಒಂದೊಂದನ್ನೇ ತುಂಬಿದೆ. ಗಟ್ಟಿಯಾಗುವ ತನಕ ಕಾದು, 400ರ ಎಮರಿ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿದೆ. ಹಣೆ ನುಣ್ಣಗಾಯಿತು. ತಲೆಯನ್ನು ಹೊಸ ಕುತ್ತಿಗೆಗೆ ಕೂರಿಸಿ, ಕಣ್ಣು ಚೆಂಡಿನ ಕಡೆ ತಿರುಗುವ ಹಾಗೆ ಸರಿ ಮಾಡಿದೆ. ಅಪ್ಪ ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದಿದ್ದರು.

ನಾಳೆ ಬೆಳಗ್ಗೆ ಪ್ರೈಮರ್, ಮಧ್ಯಾಹ್ನ ಮೊದಲ ಕೋಟ್ ಬೂದು ಬಣ್ಣ.